ಲಾಂಗ್-ಈಜಿ ರೆಕ್ಕೆಗೆ ಗ್ಲಾಸ್ ಹೊದಿಸುವ ಮುಂಚೆ

ಮನೆಯಲ್ಲೇ ಕಟ್ಟುವ ಪುಟ್ಟ ವಿಮಾನ ಲಾಂಗ್-ಈಜಿಯ ರೆಕ್ಕೆಗೆ ಫೋಮ್ ಕತ್ತರಿಸಿ ಮುಗಿಸಿದ್ದೀರಿ, ಖುಷಿಯಾಯಿತು. ಅದರ ಮೇಲೆ ಗ್ಲಾಸ್, ಅಂದರೆ ಗಾಜಿನ ಎಳೆಯ ಬಟ್ಟೆ, ಅಂಟಿಸುವ ಎಪಾಕ್ಸಿ (ಎರಡು ದ್ರವ ಕಲಸಿದರೆ ಗಟ್ಟಿಯಾಗುವ ಅಂಟು) ದುಬಾರಿ, ದೋಣಿಗೆ ಹಾಕುವ ಪಾಲಿಯೆಸ್ಟರ್ ರೆಸಿನ್ ನಡೆಯುತ್ತಾ ಅಂತ ಕೇಳಿದ್ದೀರಿ. ದಯವಿಟ್ಟು ಬೇಡ. ಅದರಲ್ಲಿರುವ ಸ್ಟೈರೀನ್ ಎನ್ನುವ ದ್ರಾವಕ ನಿಮ್ಮ ನೀಲಿ ಫೋಮನ್ನು ಕರಗಿಸಿಬಿಡುತ್ತದೆ. ವೈನೈಲ್ ಎಸ್ಟರ್ ರೆಸಿನ್ ಕೂಡ ಅಷ್ಟೇ. ಬೇಕಿದ್ದರೆ ಉಳಿದ ಚೂರಿನ ಮೇಲೆ ನಾಲ್ಕು ಹನಿ ಹಾಕಿ ನೋಡಿ. ಲಾಂಗ್-ಈಜಿಯ ವಿನ್ಯಾಸಕ ಬರ್ಟ್ ರುಟಾನ್ 1970ರ ದಶಕದಲ್ಲಿ ಅದಕ್ಕೂ ಹಿಂದಿನ ತಮ್ಮ ವಿಮಾನ ವೇರಿಈಜಿಗೆ ಬಳಸಿದ, ಅಚ್ಚಿಲ್ಲದೆ ಫೋಮಿನ ಮೇಲೇ ಗ್ಲಾಸ್ ಹೊದಿಸುವ ವಿಧಾನ ನಿಂತಿರುವುದೇ ಫೋಮ್ ಮತ್ತು ಎಪಾಕ್ಸಿ ಹೊಂದಿಕೊಳ್ಳುತ್ತವೆ ಎನ್ನುವುದರ ಮೇಲೆ.

ಇನ್ನು, ಬಲಕ್ಕೆ ಎಪಾಕ್ಸಿ ಸ್ವಲ್ಪ ಜಾಸ್ತಿ ಹಾಕಲಾ ಎನ್ನುವ ಪ್ರಶ್ನೆ. ಬಲ ಇರುವುದು ಬಟ್ಟೆಯ ಎಳೆಯಲ್ಲಿ. ಎಪಾಕ್ಸಿ ಎಳೆಗಳನ್ನು ಹಿಡಿದಿಟ್ಟರೆ ಸಾಕು, ಅದಕ್ಕಿಂತ ಜಾಸ್ತಿ ಆದದ್ದು ಬರೀ ಭಾರ. ತೂಕದಲ್ಲಿ ಎರಡು ಪಾಲು ಬಟ್ಟೆ, ಒಂದು ಪಾಲು ಎಪಾಕ್ಸಿ ಬಂದರೆ ಒಳ್ಳೆಯ ಕೆಲಸ. ಸ್ಕ್ವೀಜಿ (ಹೆಚ್ಚಿನ ಅಂಟು ಒರೆಸುವ ಪಟ್ಟಿ) ಎಳೆದ ಮೇಲೆ ನೇಯ್ಗೆ ಕಾಣಬೇಕು, ಎಲ್ಲೂ ಕೆರೆ ನಿಂತಿರಬಾರದು. ಬಿಳಿ ಮಚ್ಚೆ ಕಂಡರೆ ಅಲ್ಲಿ ಗಾಳಿ ಇದೆ ಅಂತ ಅರ್ಥ. ಅಲ್ಲಿಗೆ ಮಾತ್ರ ಒಂದು ಚೂರು ಎಪಾಕ್ಸಿ ಕುಟ್ಟಿ ಇಳಿಸಿ.

ಎಲ್ಲಕ್ಕಿಂತ ಮೊದಲು ಜಿಗ್, ಅಂದರೆ ರೆಕ್ಕೆಯನ್ನು ನೇರವಾಗಿ ಹಿಡಿದಿಡುವ ಚೌಕಟ್ಟು, ನೋಡಿ. ಬರೀ ಫೋಮ್ ಇದ್ದಾಗ ರೆಕ್ಕೆ ತಿರುಚಿಕೊಂಡಿದ್ದರೆ ಸರಿಮಾಡಬಹುದು. ಹೊದಿಕೆ ಗಟ್ಟಿಯಾದ ಮೇಲೆ ಆ ತಿರುಚು ಶಾಶ್ವತ. ನಾನು ಎಡ ರೆಕ್ಕೆಗೆ ಲೆವೆಲ್ ಇಟ್ಟು ನೋಡುವುದರಲ್ಲೇ ಒಂದು ಪೂರ್ತಿ ದಿನ ಕಳೆದೆ. ಆ ದಿನದ ಬಗ್ಗೆ ಇವತ್ತಿಗೂ ಬೇಸರವಿಲ್ಲ.

ಶೆಡ್ 25 ಡಿಗ್ರಿ ಆಸುಪಾಸು ಬೆಚ್ಚಗಿರಲಿ. ಎಪಾಕ್ಸಿ ಮತ್ತು ಮೈಕ್ರೋಬಲೂನ್ (ಪುಡಿಯಂತಿರುವ ಟೊಳ್ಳು ಗಾಜಿನ ಗುಳ್ಳೆಗಳು) ಸಮ ಗಾತ್ರದಲ್ಲಿ ಕಲಸಿ, ಆ ಸ್ಲರಿಯನ್ನು ಫೋಮಿಗೆ ತೆಳ್ಳಗೆ ಸವರಿ. ತೂತುಗಳು ಮುಚ್ಚುತ್ತವೆ, ಬಟ್ಟೆಗೆ ಹಿಡಿತ ಸಿಗುತ್ತದೆ. ಆಮೇಲೆ ಬಟ್ಟೆ. ಎಳೆಯ ದಿಕ್ಕು ಪ್ಲಾನಿನಲ್ಲಿ ಇದ್ದ ಹಾಗೆಯೇ ಇರಲಿ: 45 ಡಿಗ್ರಿ ಓರೆಯಾಗಿ ಒಂದಕ್ಕೊಂದು ಅಡ್ಡ ಬೀಳುವ ಪದರಗಳು ತಿರುಚನ್ನು ತಡೆಯುತ್ತವೆ, ಉದ್ದಕ್ಕೆ ಓಡುವ ಎಳೆಗಳು ಬಾಗುವುದನ್ನು ತಡೆಯುತ್ತವೆ. ಬಟ್ಟೆ ಉಳಿಯಿತು ಅಂತ ಸುಮ್ನೆ ಇನ್ನೊಂದು ಪದರ ಸೇರಿಸಬೇಡಿ.

ಒಬ್ಬರೇ ಮಾಡಲು ಹೋಗಬೇಡಿ, ಒಬ್ಬರು ಕಲಸಿ ಕೊಡುತ್ತಿರಲಿ. ಒಂದೇ ಸಲ ದೊಡ್ಡ ಕಪ್ ತುಂಬ ಕಲಸಿದರೆ ಅದು ತನ್ನ ಬಿಸಿಗೆ ತಾನೇ ಹೊಗೆಯಾಡುತ್ತದೆ. ನನಗೆ ಹಾಗಾಗಿದೆ. ಕಪ್ಪನ್ನು ಹೊರಗೆ ಎಸೆದು ಬರುವಷ್ಟರಲ್ಲಿ ರೆಕ್ಕೆಯ ಮೇಲಿನ ಅಂಟು ಬಿಗಿಯತೊಡಗಿತ್ತು. ಕೈಗವಸು ಮರೆಯಬೇಡಿ. ಎಪಾಕ್ಸಿ ಅಲರ್ಜಿ ಒಮ್ಮೆ ಬಂದರೆ ಬಿಡುವುದು ಕಷ್ಟ.

ಮುಂದೆ ಇನ್ನೊಂದು ಪದರ ಅಂಟಬೇಕಾದ ಕಡೆ ಪೀಲ್ ಪ್ಲೈ (ಒಣಗಿದ ಮೇಲೆ ಸುಲಿದು ತೆಗೆಯುವ ಬಟ್ಟೆ) ಹಾಕಿ. ಅಂಚನ್ನು ಅರೆಗಟ್ಟಿ ಇರುವಾಗಲೇ ಹೊಸ ಬ್ಲೇಡಿನಿಂದ ಕೊಯ್ಯಿರಿ, ಪೂರ್ತಿ ಒಣಗಿದರೆ ಗರಗಸವೇ ಬೇಕು. ಮರುದಿನ ನಾಣ್ಯದಿಂದ ಇಡೀ ರೆಕ್ಕೆ ತಟ್ಟಿ ಕೇಳಿ. ಟಣ್ ಅನ್ನಬೇಕಾದ ಕಡೆ ಮಂಕು ಸದ್ದು ಬಂದರೆ ಅಲ್ಲಿ ಹೊದಿಕೆ ಬಿಟ್ಟಿದೆ. ಉಬ್ಬುತಗ್ಗು ಕಂಡರೆ ಮೇಲೆ ಮೈಕ್ರೋ (ಎಪಾಕ್ಸಿ, ಮೈಕ್ರೋಬಲೂನ್ ಸೇರಿದ ಗಟ್ಟಿ ಮಿಶ್ರಣ) ತುಂಬಿ ಅದನ್ನು ಉಜ್ಜಿ. ಗ್ಲಾಸನ್ನು ಉಜ್ಜಿ ಸಮ ಮಾಡಿದರೆ ಎಳೆಯೇ ತುಂಡಾಗುತ್ತದೆ. ಬಣ್ಣ ಬಿಳಿಯೇ ಇರಲಿ, ಗಾಢ ಬಣ್ಣ ಬಿಸಿಲು ಕುಡಿದು ಫೋಮನ್ನೂ ಎಪಾಕ್ಸಿಯನ್ನೂ ಮೆತ್ತಗೆ ಮಾಡುತ್ತದೆ.

ರೆಕ್ಕೆ ಮುಟ್ಟುವ ಮೊದಲು ಒಂದು ಅಡಿ ಫೋಮಿನ ಮೇಲೆ ಎರಡು ಪದರ ಹಾಕಿ ನೋಡಿ. ಫೋಮ್, ಬಟ್ಟೆ ಎರಡನ್ನೂ ಮೊದಲೇ ತೂಗಿಡಿ. ಒಣಗಿದ ಮೇಲಿನ ತೂಕ ಮತ್ತು ಒಂದು ಫೋಟೋ ಇಲ್ಲೇ ಹಾಕಿ, ನೋಡಿ ಹೇಳುತ್ತೇನೆ.