ಅಮ್ಮನಿಗೆ ನೋನಿ ಜ್ಯೂಸ್ ಕೊಡಬಹುದಾ?

ಮಂಡ್ಯದಲ್ಲಿ ಪರಿಚಯದವರೊಬ್ಬರು ರೋಗನಿರೋಧಕ ಶಕ್ತಿಗೆ ಅಂತ ನೋನಿ ಅನ್ನುವ ಹಣ್ಣಿನ ಜ್ಯೂಸ್, ವಿಟಮಿನ್ ಸಿ ಮಾತ್ರೆ ಮಾರುತ್ತಿದ್ದಾರೆ, ಶುಗರ್ ಇರುವ 62 ವರ್ಷದ ಅಮ್ಮನಿಗೆ ಕೊಡಬಹುದಾ ಅಂತ ಕೇಳಿದ್ದೀರಿ. ನಾನಾಗಿದ್ದರೆ ಕೊಡುತ್ತಿರಲಿಲ್ಲ.

ವಿಟಮಿನ್ ಸಿ ಬಗ್ಗೆ ನಡೆದ ಹತ್ತಾರು ಅಧ್ಯಯನಗಳನ್ನು ಒಟ್ಟಿಗೆ ನೋಡಿದ ಕಾಕ್ರೇನ್ (ವೈದ್ಯಕೀಯ ಅಧ್ಯಯನಗಳನ್ನು ಒರೆಗೆ ಹಚ್ಚುವ ಅಂತರರಾಷ್ಟ್ರೀಯ ಸಂಸ್ಥೆ) ವರದಿ 2013ರಲ್ಲಿ ಬಂತು. ದಿನಾ ಮಾತ್ರೆ ನುಂಗಿದರೂ ಸಾಮಾನ್ಯ ಜನರಿಗೆ ನೆಗಡಿ ಬರುವುದೇನೂ ಕಡಿಮೆಯಾಗಲಿಲ್ಲ. ಬಂದ ನೆಗಡಿ ದೊಡ್ಡವರಲ್ಲಿ ಸುಮಾರು ಶೇ. 8ರಷ್ಟು ಬೇಗ ಹೋಯಿತು. ಅಂದರೆ ಏಳು ದಿನದ ನೆಗಡಿಯಲ್ಲಿ ಅರ್ಧ ದಿನ ಉಳಿತಾಯ! ಮೂಗು ಸೋರಲು ಶುರುವಾದ ಮೇಲೆ ನುಂಗಿದವರಿಗೆ ಅದೂ ಖಚಿತವಿಲ್ಲ.

ಹೆಂಗಸರಿಗೆ ದಿನಕ್ಕೆ ಬೇಕಾದ ವಿಟಮಿನ್ ಸಿ 65 ಮಿಲಿಗ್ರಾಂ. ನೂರು ಗ್ರಾಂ ಸೀಬೆಹಣ್ಣಿನಲ್ಲೇ 200ರ ಆಸುಪಾಸು ಸಿಗುತ್ತದೆ. ಇಲ್ಲಿ ಮೈಸೂರಲ್ಲಿ ದೇವರಾಜ ಮಾರ್ಕೆಟ್ಟಿಂದ ನಾನು ಸೀಬೆ ಹೊತ್ತು ತರುವುದು ಅದಕ್ಕೇ. (ಉಪ್ಪು ಖಾರ ಹಚ್ಚಿ ತಿನ್ನುವ ಚಪಲವೂ ಇದೆ ಅನ್ನಿ.) ಅಮ್ಮನಿಗೆ ಅರ್ಧ ಹಣ್ಣು ಸಾಕು, ಜ್ಯೂಸ್ ಮಾಡದೆ ಹಾಗೇ ಕೊಡಿ.

ನೋನಿ ವಿಷಯದಲ್ಲಿ ಜಾಸ್ತಿ ಎಚ್ಚರ ಬೇಕು. ಅದರಲ್ಲಿ ಪೊಟ್ಯಾಸಿಯಂ ಇದೆ. ಶುಗರ್ ಇದ್ದವರ ಕಿಡ್ನಿ ಸ್ವಲ್ಪ ಸೋತಿದ್ದರೆ, ಜೊತೆಗೆ ಕೆಲವು ಬಿಪಿ ಮಾತ್ರೆ ನುಂಗುತ್ತಿದ್ದರೆ, ರಕ್ತದಲ್ಲಿ ಪೊಟ್ಯಾಸಿಯಂ ಏರಿ ಹೃದಯದ ಬಡಿತಕ್ಕೇ ತೊಂದರೆ. ನೋನಿ ಕುಡಿದ ಕೆಲವರ ಲಿವರ್ ಪೆಟ್ಟು ತಿಂದದ್ದೂ ವರದಿಯಾಗಿದೆ. ಅಪರೂಪ, ಆದರೂ ಸುಮ್ನೆ ಯಾಕೆ ಅಲ್ವಾ?

ಈಗಾಗಲೇ ಕುಡಿಯುತ್ತಿದ್ದರೆ ಬಾಟಲನ್ನೇ ಡಾಕ್ಟರ್ ಹತ್ತಿರ ತೆಗೆದುಕೊಂಡು ಹೋಗಿ, ಕ್ರಿಯಾಟಿನಿನ್ ಪರೀಕ್ಷೆ (ಕಿಡ್ನಿ ಹೇಗಿದೆ ಅಂತ ನೋಡುವ ರಕ್ತಪರೀಕ್ಷೆ) ಮಾಡಿಸಬೇಕಾ ಕೇಳಿ. ಹಾಗೇ ವರ್ಷಕ್ಕೊಮ್ಮೆ ಹಾಕಿಸುವ ಫ್ಲೂ ಲಸಿಕೆ ಬಗ್ಗೆಯೂ ವಿಚಾರಿಸಿ. ಜ್ಯೂಸಿಗೆ ಇಟ್ಟ ದುಡ್ಡು ಅದಕ್ಕಾಗಲಿ.