ಅಪ್ಪನ ಹಳೆ ಲ್ಯಾಪ್‌ಟಾಪಿಗೆ ಯಾವ ಲಿನಕ್ಸ್ ಹಾಕಲಿ? ಅವರು ಕನ್ನಡದಲ್ಲೇ ಟೈಪ್ ಮಾಡುವವರು

ನಿಮ್ಮ ಮಂಗಳೂರಿನ ಮನೆಯಲ್ಲಿ 2016ರ ಲ್ಯಾಪ್‌ಟಾಪ್, 4 ಜಿಬಿ ರ‍್ಯಾಮ್, ವಿಂಡೋಸ್ 10. ವಿಂಡೋಸ್ 11 ಅದಕ್ಕೆ ಹಿಡಿಸುವುದಿಲ್ಲ. ನಿವೃತ್ತ ಮಾಷ್ಟ್ರಾದ ನಿಮ್ಮ ಅಪ್ಪ ‘ನುಡಿ’ ಎಂಬ ಕನ್ನಡ ತಂತ್ರಾಂಶದಲ್ಲಿ ಯಕ್ಷಗಾನದ ಪದ್ಯಗಳನ್ನು ಟೈಪ್ ಮಾಡಿ ಇಡುತ್ತಾರೆ, ಬ್ಯಾಂಕು ನೋಡುತ್ತಾರೆ, ಯೂಟ್ಯೂಬಿನಲ್ಲಿ ಯಕ್ಷಗಾನದ ಆಟ ನೋಡುತ್ತಾರೆ. ಇಷ್ಟಕ್ಕೆ ಯಾವುದು ಒಳ್ಳೆಯದು ಎಂದು ಕೇಳಿದ್ದೀರಿ.

ಲಿನಕ್ಸ್ ಎಂದರೆ ವಿಂಡೋಸಿನ ಬದಲು ಹಾಕಬಹುದಾದ ಉಚಿತ ವ್ಯವಸ್ಥೆ, ಅದರಲ್ಲಿ ಹಲವು ಬಗೆ. ನನ್ನ ಉತ್ತರ ಲಿನಕ್ಸ್ ಮಿಂಟ್, ಅದರಲ್ಲೂ ಹಗುರವಾದ ಎಕ್ಸ್‌ಎಫ್‌ಸಿಇ ಆವೃತ್ತಿ. ನಾನು ಉಡುಪಿಯವ. ನಮ್ಮ ಮನೆಯಲ್ಲಿ ಅಮ್ಮ ಬಳಸುವುದೂ ಅದೇ.

ವಿಂಡೋಸ್ 10ಕ್ಕೆ ಮಾಮೂಲಿ ಅಪ್ಡೇಟ್ 2025ರ ಅಕ್ಟೋಬರ್ 14ಕ್ಕೆ ನಿಂತಿದೆ. ಬ್ಯಾಂಕಿನ ಕೆಲಸ ಮಾಡುವ ಯಂತ್ರವನ್ನು ಹಾಗೇ ಬಿಡುವುದು ಸರಿಯಲ್ಲ. ಹನ್ನೊಂದಕ್ಕೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಮತ್ತು ಹೊಸ ಪೀಳಿಗೆಯ ಪ್ರೊಸೆಸರ್ ಬೇಕು, ನಿಮ್ಮದರಲ್ಲಿ ಅಂಥ ಪ್ರೊಸೆಸರ್ ಇಲ್ಲ. ಆದರೆ ಲ್ಯಾಪ್‌ಟಾಪ್ ಕೆಟ್ಟಿಲ್ಲವಲ್ಲ, ಗುಜರಿಗೆ ಯಾಕೆ ಹಾಕಬೇಕು? ಮಿಂಟ್ 22ಕ್ಕೆ 2 ಜಿಬಿ ರ‍್ಯಾಮ್ ಇದ್ದರೂ ನಡೆಯುತ್ತದೆ, 4 ಜಿಬಿ ಇದ್ದರೆ ಆರಾಮ. ಉಬುಂಟು ಎಂಬ ಇನ್ನೊಂದು ಲಿನಕ್ಸಿನ 24.04 ಆವೃತ್ತಿಯ ಮೇಲೆ ಕಟ್ಟಿದ್ದರಿಂದ 2029ರ ತನಕ ಅಪ್ಡೇಟ್ ಬರುತ್ತದೆ. ಉಬುಂಟುವನ್ನೇ ಹಾಕಬಹುದು, ಆದರೆ 4 ಜಿಬಿಗೆ ಅದು ಸ್ವಲ್ಪ ಭಾರ. ಫೆಡೋರಾ ಎಂಬ ಲಿನಕ್ಸೂ ಒಳ್ಳೆಯದೇ, ಆದರೆ ಅದರ ಒಂದು ಆವೃತ್ತಿ ಬಾಳುವುದು ಹದಿಮೂರು ತಿಂಗಳ ಆಸುಪಾಸು. ಅಪ್ಪನ ಯಂತ್ರಕ್ಕೆ ವರ್ಷವರ್ಷ ಕೈಹಾಕುವುದು ಬೇಡ. ಮಿಂಟಿನಲ್ಲಿ ಎಡ ಮೂಲೆಯಲ್ಲಿ ಮೆನು, ಬಲ ಮೂಲೆಯಲ್ಲಿ ಗಡಿಯಾರ. ವಿಂಡೋಸಿನಲ್ಲಿ ಕಂಡ ಜಾಗದಲ್ಲೇ ಎಲ್ಲ ಇರುತ್ತದೆ, ವಯಸ್ಸಾದವರಿಗೆ ಅದು ದೊಡ್ಡ ಸಮಾಧಾನ.

ಇನ್ನು ಕನ್ನಡದ ವಿಷಯ. ನಿಮ್ಮ ಅಪ್ಪನಿಗೆ ಇದೇ ಮುಖ್ಯ, ಆದ್ದರಿಂದ ಬಿಡಿಸಿ ಹೇಳುತ್ತೇನೆ.

ಅವರ ಬೆರಳಿಗೆ ಕೂತಿರುವ ನುಡಿಯ ಕೀಲಿಮಣೆ ಮಿಂಟಿನಲ್ಲೂ ಇದೆ. ಬೇರೆ ಬೇರೆ ಭಾಷೆ ಟೈಪ್ ಮಾಡಲು ಇರುವ ಐಬಸ್ ಎಂಬ ಸವಲತ್ತಿಗೆ ಎಂ17ಎನ್ ಪ್ಯಾಕೇಜ್ ಸೇರಿಸಿದರೆ ಕನ್ನಡದ ಕೆಳಗೆ ಕೆಜಿಪಿ ಎಂಬ ಆಯ್ಕೆ ಸಿಗುತ್ತದೆ. ಉಡುಪಿ ಎಂದು ಬರೆಯಲು ಯು, ಡಬ್ಲ್ಯು, ಯು, ಪಿ, ಐ. ಅಕ್ಕ ಎನ್ನಲು ಎ, ಕೆ, ಎಫ್, ಕೆ. ಒತ್ತಕ್ಷರಕ್ಕೆ ನಡುವೆ ಎಫ್. ಹೊಸದಾಗಿ ಕಲಿಯುವುದು ಏನೂ ಇಲ್ಲ. ಈ ವಿನ್ಯಾಸ ಮಾಡಿದ ಕೆ.ಪಿ. ರಾವ್ ನಿಮ್ಮ ಮಂಗಳೂರಿನ ಹತ್ತಿರದ ಕಿನ್ನಿಕಂಬಳದವರು. ವಿದ್ವಾಂಸ ಸೇಡಿಯಾಪು ಕೃಷ್ಣ ಭಟ್ಟರ ಹೆಸರಿನಲ್ಲಿ ರಾವ್ ಮಾಡಿದ ಕನ್ನಡ ತಂತ್ರಾಂಶವನ್ನೂ ಉಚಿತವಾಗಿಯೇ ಕೊಟ್ಟರು. ಅಮ್ಮನಿಗೆ ಕೀಲಿಮಣೆ ಹೊಂದಿಸಿ ಕೊಡುವಾಗೆಲ್ಲ ನನಗೆ ಅವರ ನೆನಪಾಗುತ್ತದೆ.

ಹಳೆಯ ಫೈಲುಗಳ ಬಗ್ಗೆ ಮಾತ್ರ ದಯವಿಟ್ಟು ಜಾಗ್ರತೆ. ಹಳೆಯ ‘ನುಡಿ’, ‘ಬರಹ’ ತಂತ್ರಾಂಶಗಳಲ್ಲಿ ಬರೆದದ್ದು ಎಷ್ಟೋ ಸಲ ಯೂನಿಕೋಡ್, ಅಂದರೆ ಎಲ್ಲ ಯಂತ್ರಗಳಿಗೂ ಅರ್ಥವಾಗುವ ಅಕ್ಷರ ಸಂಕೇತ, ಆಗಿರುವುದಿಲ್ಲ. ಒಳಗೆ ಇರುವುದು ರೋಮನ್ ಸಂಕೇತಗಳು, ಫಾಂಟ್ ಮಾತ್ರ ಅವಕ್ಕೆ ಕನ್ನಡದ ರೂಪ ಕೊಡುತ್ತದೆ. ನಾನು ಇದನ್ನು ಯೋಚಿಸದೆ ಅಮ್ಮನ ಭಜನೆಯ ಫೈಲುಗಳನ್ನು ನೇರ ಮಿಂಟಿಗೆ ತಂದುಬಿಟ್ಟೆ. ವರ್ಡ್‌ನಂಥ ಲಿಬ್ರೆಆಫೀಸಿನಲ್ಲಿ ತೆರೆದರೆ ಪುಟದ ತುಂಬ ಟೋಪಿ ಹಾಕಿದ ಎ, ಬಾಲ ಇರುವ ಸಿ, ಎರಡು ಚುಕ್ಕಿಯ ಯು. ಅಮ್ಮ ಕನ್ನಡಕ ತೆಗೆದು ಒರೆಸಿ ಮತ್ತೊಮ್ಮೆ ನೋಡಿದರು. "ನನ್ನ ಪದ ಎಲ್ಲ ಹೋಯ್ತಾ ಮಗಾ?" ಎಂದರು. ಹೋಗಿರಲಿಲ್ಲ, ಆದರೆ ಆ ರಾತ್ರಿ ಅವರಿಗೂ ನಿದ್ದೆ ಇಲ್ಲ, ನನಗೂ ಇಲ್ಲ. ಮರುದಿನ ಹಳೆ ಸಂಕೇತ ಬದಲಿಸುವ ಪರಿವರ್ತಕ ತಂತ್ರಾಂಶದಲ್ಲಿ ಹಾಕಿ ಯೂನಿಕೋಡ್ ಮಾಡಿದೆ. ಅಲ್ಲಲ್ಲಿ ಅರ್ಕಾವತ್ತು ತಪ್ಪಿತ್ತು, ಅಮ್ಮ ಕೂತು ಒಂದೊಂದೇ ತಿದ್ದಿದರು. ನೀವು ಈ ಕೆಲಸವನ್ನು ವಿಂಡೋಸ್ ಇರುವಾಗಲೇ ಮುಗಿಸಿ. ಮೂಲ ಫೈಲುಗಳನ್ನು ಅಳಿಸದೆ ಬೇರೆ ಡಿಸ್ಕಿನಲ್ಲಿಡಿ.

ಹಾಕುವ ಮೊದಲು ಪರೀಕ್ಷೆ ಮಾಡಿ. 8 ಜಿಬಿಯ ಪೆನ್ ಡ್ರೈವ್ ಸಾಕು. ಮಿಂಟಿನ ತಾಣದಿಂದ ಇಳಿಸಿದ ಫೈಲನ್ನು ರೂಫಸ್ ಎಂಬ ತಂತ್ರಾಂಶದಿಂದ ಪೆನ್ ಡ್ರೈವಿಗೆ ಬರೆದು, ಲ್ಯಾಪ್‌ಟಾಪನ್ನು ಅದರಿಂದಲೇ ಬೂಟ್ ಮಾಡಿ, ಅಂದರೆ ಚಾಲೂ ಮಾಡಿ. ಇನ್‌ಸ್ಟಾಲ್ ಒತ್ತುವ ತನಕ ವಿಂಡೋಸಿಗೆ ಏನೂ ಆಗುವುದಿಲ್ಲ. ವೈಫೈ ಸಿಗುತ್ತದಾ, ಸೌಂಡ್ ಬರುತ್ತದಾ, ಪ್ರಿಂಟರಿನಲ್ಲಿ ಒಂದು ಹಾಳೆ ಬರುತ್ತದಾ ನೋಡಿ. ಪ್ರಿಂಟರನ್ನು ಖಂಡಿತ ನೋಡಿ. ನಮ್ಮ ಮನೆಯ ಹಳೇ ಲೇಸರ್ ಪ್ರಿಂಟರ್ ಎಷ್ಟು ಮಾಡಿದರೂ ಲಿನಕ್ಸಿಗೆ ಒಗ್ಗಲೇ ಇಲ್ಲ, ಕೊನೆಗೆ ಬೇರೆ ತೆಗೆದುಕೊಂಡೆವು. ಮನೆಯಲ್ಲಿ ಯಾರಾದರೂ ಲೆಕ್ಕಪತ್ರಕ್ಕೆ ಟ್ಯಾಲಿ ಬಳಸುವವರಿದ್ದರೆ ಅವರಿಗೆ ವಿಂಡೋಸ್ ಯಂತ್ರ ಬೇರೆಯೇ ಇರಲಿ.

ದುಡ್ಡು ಹಾಕುವುದಿದ್ದರೆ ಒಂದು ಎಸ್‌ಎಸ್‌ಡಿಗೆ, ಅಂದರೆ ತಿರುಗುವ ಭಾಗವಿಲ್ಲದ ವೇಗದ ಡಿಸ್ಕಿಗೆ, ಹಾಕಿ. ಆ ಕಾಲದ ತಿರುಗುವ ಹಾರ್ಡ್ ಡಿಸ್ಕ್ ಇದ್ದರೆ ಯಾವ ಲಿನಕ್ಸ್ ಹಾಕಿದರೂ ನಿಧಾನವೇ. ಹೊಸ ಎಸ್‌ಎಸ್‌ಡಿಯಲ್ಲಿ ಮಿಂಟ್ ಹಾಕಿದರೆ ಹಳೆ ಡಿಸ್ಕ್ ವಿಂಡೋಸ್ ಸಮೇತ ಹಾಗೇ ಉಳಿಯುತ್ತದೆ, ಎದೆಯಲ್ಲಿ ಹೆದರಿಕೆ ಇರುವುದಿಲ್ಲ.

ಮಿಂಟ್ ಹಾಕಿ ಆದ ಮೇಲೆ ಟೈಮ್‌ಶಿಫ್ಟ್ ಎಂಬ ಸವಲತ್ತನ್ನು ಚಾಲೂ ಮಾಡಿಡಿ. ಅದು ಸಿಸ್ಟಮ್ಮಿನ ಪ್ರತಿಯನ್ನು ಮಾತ್ರ ಇಡುತ್ತದೆ, ಅಪ್ಪನ ಪದ್ಯಗಳನ್ನಲ್ಲ. ಅವಕ್ಕೆ ಬೇರೆ ಬ್ಯಾಕಪ್ ಬೇಕು. ಪೆನ್ ಡ್ರೈವನ್ನೂ ಅಳಿಸಬೇಡಿ. ಒಂದು ಜುಲೈಯಲ್ಲಿ ಅಪ್ಡೇಟ್ ನಡೆಯುತ್ತಿದ್ದಾಗ ಗುಡುಗು ಮಳೆಗೆ ಕರೆಂಟ್ ಹೋಗಿ ನಮ್ಮ ಡೆಸ್ಕ್‌ಟಾಪ್ ಮತ್ತೆ ಏಳಲಿಲ್ಲ. ಅದೇ ಪೆನ್ ಡ್ರೈವಿನಿಂದ ಬೂಟ್ ಮಾಡಿ ಟೈಮ್‌ಶಿಫ್ಟ್‌ನಿಂದ ಹಿಂದಿನ ಪ್ರತಿಯನ್ನು ತಂದೆ. ನಿಮ್ಮ ಲ್ಯಾಪ್‌ಟಾಪಿನ ಬ್ಯಾಟರಿ ಸತ್ತಿದ್ದರೆ ಮಳೆಗಾಲದಲ್ಲಿ ಇದು ನೆನಪಿರಲಿ.

ಪೆನ್ ಡ್ರೈವಿನಿಂದ ಬೂಟ್ ಮಾಡಿದಾಗ ವೈಫೈ ಕಾಣದಿದ್ದರೆ ಲ್ಯಾಪ್‌ಟಾಪಿನ ಮಾಡೆಲ್ ಇಲ್ಲೇ ಕೆಳಗೆ ಬರೆಯಿರಿ, ನೋಡಿ ಹೇಳುತ್ತೇನೆ.