ಪುಣೆಯಲ್ಲಿ ಹೊಸದಾಗಿ ಕ್ಯಾಶುಯಲ್ಟಿ ಸೇರಿದ್ದೇನೆ, ಇಸಿಜಿ ಬೇಗ ಓದಲು ಯಾವ ಕೋರ್ಸ್ ಮಾಡಲಿ?

ಯಾವ ಕೋರ್ಸೂ ಬೇಡ. ನಾನು ಮಾಡಿದ್ದೆ, ಸರ್ಟಿಫಿಕೇಟೂ ಇದೆ. ಆದರೂ ಪುಣೆಯ ಒಂದು ಆಸ್ಪತ್ರೆಯಲ್ಲಿ ನೈಟ್ ಡ್ಯೂಟಿಯಲ್ಲಿದ್ದಾಗ ಎಡವಿದೆ.

ಅಕ್ಕಲಕೋಟೆ ಕಡೆಯ ಅಜ್ಜ, ಎಪ್ಪತ್ತರ ಆಸುಪಾಸು. ಎರಡು ದಿನದಿಂದ ಭೇದಿ, ಸ್ವಲ್ಪ ಜ್ವರ. ಅಲ್ಲಿ ಕನ್ನಡ ಬರುತ್ತಿದ್ದದ್ದು ನನಗೊಬ್ಬನಿಗೇ. "ಸಂಜಿಮುಂದ ಸುಮ್ನ ಕುಂತಿದ್ದೆ ರೀ ಸಾಹೇಬ್ರ, ಒಮ್ಮೆಲೇ ಎದಿ ಡಬಡಬ ಅನ್ಲಾಕತ್ತದ" ಅಂದರು. "ಆಯ್ತು ಅಜ್ಜಾ, ನೋಡೋಣ" ಅಂದು ಇಸಿಜಿ ತೆಗೆಸಿದೆ. ಮಿಷನ್ ಪೇಪರಿನ ಮೇಲ್ಗಡೆ 'ಸೈನಸ್ ಟ್ಯಾಕಿಕಾರ್ಡಿಯಾ, 150' ಅಂತ ಪ್ರಿಂಟ್ ಮಾಡಿತ್ತು, ಅಂದರೆ ಹೃದಯದ ಸಹಜ ರಿದಮ್ಮೇ, ವೇಗ ಮಾತ್ರ ಜಾಸ್ತಿ, ನಿಮಿಷಕ್ಕೆ 150. ಭೇದಿ, ಜ್ವರ, ಜೋರು ನಾಡಿ. ಎಲ್ಲ ತಾಳೆಯಾಯ್ತು ಅಂದುಕೊಂಡು ಸಲೈನ್ ಹಚ್ಚಿದೆ. ನಾಡಿ ಇಳಿಯಲಿಲ್ಲ. ಸಾಲದು ಅಂತ ಇನ್ನಷ್ಟು ಹಾಕಿಸಿದೆ.

ತಪ್ಪು ಇಲ್ಲೇ, ಬಿಡಿಸಿ ಹೇಳ್ತೀನಿ. ಭೇದಿ, ಜ್ವರದಿಂದ ಬರುವ ನಾಡಿ ನಿಧಾನಕ್ಕೆ ಏರುತ್ತದೆ. ಸಲೈನ್ ಹೋದಂತೆ, ಜ್ವರ ಇಳಿದಂತೆ 150, 144, 138 ಅಂತ ಆಡುತ್ತಿರುತ್ತದೆ. ಅಜ್ಜನದು 150ಕ್ಕೆ ಅಂಟಿ ಕೂತಿತ್ತು. ಅದು ಏಟ್ರಿಯಲ್ ಫ್ಲಟರ್ ಅನ್ನೋ ರಿದಮ್ ತೊಂದರೆ. ಅದರಲ್ಲಿ ಹೃದಯದ ಮೇಲಿನ ಕೋಣೆಗಳು ನಿಮಿಷಕ್ಕೆ ಸುಮಾರು 300 ಸಲ ಬಡಿಯುತ್ತವೆ. ಮೇಲಿನ, ಕೆಳಗಿನ ಕೋಣೆಗಳ ನಡುವಿನ ಗೇಟಿನಂಥ ಎವಿ ನೋಡ್ ಸಾಮಾನ್ಯವಾಗಿ ಎರಡರಲ್ಲಿ ಒಂದನ್ನೇ ಕೆಳಗೆ ಬಿಡುತ್ತದೆ, ಅದಕ್ಕೇ 150. ಉಳಿದ ಅಲೆ, ಇಸಿಜಿಯಲ್ಲಿ ಕೆಳಗಿನ ಕೋಣೆಗಳ ಬಡಿತ ತೋರಿಸುವ ಕ್ಯೂಆರ್‌ಎಸ್‌ನಲ್ಲಿ ಇಲ್ಲವೇ ಅದರ ನಂತರ ಬರುವ ಟಿ ವೇವ್‌ನಲ್ಲಿ ಅಡಗಿರುತ್ತದೆ, ಮಿಷನ್ ಮೋಸ ಹೋಗುತ್ತದೆ. ಇಷ್ಟೆಲ್ಲ ಯಾಕೆ, ಒಮ್ಮೆಲೇ ಶುರುವಾಯ್ತು ಅಂತ ಅಜ್ಜ ಹೇಳಿದ್ದರಲ್ವಾ? ಅದನ್ನು ನಾನು ಕೇಸ್ ಪೇಪರಲ್ಲಿ ಬರೆಯಲೂ ಇಲ್ಲ.

ಬೆಳಗಿನ ಜಾವ ಅಜ್ಜನಿಗೆ ಉಸಿರು ಕಟ್ಟಿತು. ಶ್ವಾಸಕೋಶದಲ್ಲಿ ನೀರು. ಸೀನಿಯರ್ ಮೇಡಂ ಬಂದವರೇ ಇಸಿಜಿಯನ್ನು ತಲೆಕೆಳಗು ಮಾಡಿ ಹಿಡಿದರು. ಲೀಡ್ 2 ಅನ್ನೋ ಗೆರೆಯಲ್ಲಿ ಗರಗಸದ ಹಲ್ಲಿನಂಥ ಫ್ಲಟರ್ ಅಲೆ ಎದ್ದು ಕಂಡಿತು. ಶಾಕ್ ಬಡಿತಕ್ಕೆ ಹೊಂದಿಕೊಂಡು ಬೀಳುವಂತೆ ಸಿಂಕ್ ಬಟನ್ ಒತ್ತಿ 100 ಜೂಲ್ ಶಾಕ್ ಕೊಟ್ಟರು, ರಿದಮ್ ಸರಿಹೋಯ್ತು. ಆದರೆ ಅಜ್ಜನ ಐಸಿಯು ಬಿಲ್ ಕಟ್ಟಲು ಮಗ ಹೊಲ ಒತ್ತೆ ಇಟ್ಟ. ನನ್ನ ಕಾಂಟ್ರ್ಯಾಕ್ಟೂ ಮುಂದುವರಿಯಲಿಲ್ಲ, ಅದು ನ್ಯಾಯವೇ.

ಬೇಗ ಓದಬೇಕು ಅಂತೀರಿ. ನಾನೂ ಬೇಗನೇ ಓದಿದ್ದೆ! ಮಿಷನ್ ಬರೆದ ಸಾಲನ್ನು ಬೆರಳಿಂದ ಮುಚ್ಚಿ. ನಾಡಿ 150ಕ್ಕೆ ನಿಂತು ಅಲುಗದಿದ್ದರೆ, ಅಲ್ಲ ಅಂತ ಖಾತ್ರಿಯಾಗುವ ತನಕ ಫ್ಲಟರ್ ಅಂತಲೇ ಇಟ್ಟುಕೊಳ್ಳಿ. ಕೋರ್ಸ್ ಫೀಸಿನ ದುಡ್ಡಲ್ಲಿ ಮರಾಠಿ ಟ್ಯೂಷನ್‌ಗೆ ಹೋಗಿ. ಎದೆ ಬಡಿತ ಅಂತ ಬಂದವರನ್ನು 'ಹಳೂಹಳೂ ಕೀ ಏಕದಮ್?' ಅಂತ ಕೇಳೋಕಾದರೂ ಬರಬೇಕು.